ಕಲ್ಲು, ಕಡತ ಮತ್ತು ಕಾಲೇಜಿನ ಪಾಠ

ನಮ್ಮ ಪದವಿ ಕಾಲೇಜುಗಳಲ್ಲಿ ಪ್ರತಿ ಸೆಮಿಸ್ಟರಿನ ಕೊನೆಗೂ ಒಂದು ಕಾರ್ಯ ತಪ್ಪದೆ ನಡೆಯುತ್ತದೆ. ವಿದ್ಯಾರ್ಥಿಗಳು ಗ್ರಂಥಾಲಯದ ಪುಸ್ತಕದಿಂದಲೋ, ಹಿಂದಿನ ವರ್ಷದವರ ನೋಟ್ಸಿನಿಂದಲೋ, ಈಚೆಗೆ ಮೊಬೈಲಿನ ತೆರೆಯಿಂದಲೋ ಎತ್ತಿಕೊಂಡ ಮಾತುಗಳನ್ನು ಅಂದವಾಗಿ ಬರೆದು, ಬಣ್ಣದ ರಟ್ಟು ಹಾಕಿಸಿ, ಅಸೈನ್‌ಮೆಂಟ್ ಎಂಬ ಹೆಸರಿನಲ್ಲಿ ಅಧ್ಯಾಪಕರ ಮೇಜಿನ ಮೇಲಿಡುತ್ತಾರೆ; ಅಧ್ಯಾಪಕರು ಅವುಗಳ ಮೇಲೆ ಕಣ್ಣಾಡಿಸಿ ಆಂತರಿಕ ಅಂಕಗಳನ್ನು ನಮೂದಿಸುತ್ತಾರೆ; ನಿಯಮಕ್ಕೆ ಬೇಕಾದಷ್ಟು ಕಾಲ ಬೀರುವಿನಲ್ಲಿದ್ದ ಆ ಕಟ್ಟುಗಳು ಆಮೇಲೆ ರದ್ದಿಯವನ ತಕ್ಕಡಿಯನ್ನೇರುತ್ತವೆ. ಬರೆದವನಿಗೆ ಅದರಿಂದ ಅಂಕವಲ್ಲದೆ ಮತ್ತೇನೂ ದೊರೆಯಲಿಲ್ಲ. ಓದಿದವರಿಗೆ ಅದರಲ್ಲಿ ಹೊಸ ಸಂಗತಿ ಯಾವುದೂ ಇರಲಿಲ್ಲ. ಮೂರನೆಯವರ ಕಣ್ಣಿಗೆ ಅದು ಬೀಳಲೇ ಇಲ್ಲ. ವಿದ್ಯಾರ್ಥಿಗಳಲ್ಲಿ ಶ್ರದ್ಧೆಯಿಲ್ಲವೆಂದು ನಾವು ಕೊರಗುವುದುಂಟು. ಆದರೆ ಯಾರೋ ಈಗಾಗಲೇ ಹೇಳಿ ಮುಗಿಸಿದ ವಿಷಯವನ್ನು ಯಾರೂ ಓದದ ಹಾಳೆಗಳ ಮೇಲೆ ಶ್ರದ್ಧೆಯಿಂದ ಬರೆಯಬೇಕೆಂದು ಹತ್ತೊಂಬತ್ತರ ಪ್ರಾಯದವರನ್ನು ಕೇಳುವುದು ನ್ಯಾಯವೆ ಎಂಬುದನ್ನು ಅಷ್ಟಾಗಿ ಆಲೋಚಿಸಿದಂತಿಲ್ಲ.

ಅಮೆರಿಕದ ಶಿಕ್ಷಣತಜ್ಞ ಡೇವಿಡ್ ವೈಲಿಯವರು 2013ರಲ್ಲಿ ಇಂತಹ ಬರವಣಿಗೆಗಳನ್ನು ಬಿಸಾಡತಕ್ಕ ನಿಯೋಜನೆಗಳೆಂದು ಕರೆದು, ಅವುಗಳಿಗೆ ಪ್ರತಿಯಾಗಿ, ವಿದ್ಯಾರ್ಥಿಯ ಕೆಲಸವು ಮುಂದಿನ ವಿದ್ಯಾರ್ಥಿಗೂ ಹೊರಗಿನ ಓದುಗನಿಗೂ ಉಪಯೋಗಕ್ಕೆ ಬರುವಂತೆ, ಯಾರು ಬೇಕಾದರೂ ಎತ್ತಿಕೊಂಡು ತಿದ್ದಿ ಬೆಳೆಸಬಹುದಾದಂತೆ, ಮುಕ್ತ ಪರವಾನಗಿಯಲ್ಲಿ ಪ್ರಕಟವಾಗಬೇಕೆಂದು ವಾದಿಸಿದರು. ಮುಕ್ತ ಬೋಧನಕ್ರಮವೆಂಬ ಆಲೋಚನೆ ಅದಕ್ಕಿಂತ ಹಳೆಯದು. ಕೆನಡಾದ ಕ್ವೆಬೆಕ್ ಪ್ರಾಂತದ ಕ್ಲೋದ್ ಪಕೆತ್ ಎಂಬ ಶಿಕ್ಷಣಚಿಂತಕರು 1979ರಷ್ಟು ಹಿಂದೆಯೇ, ವಿದ್ಯಾರ್ಥಿಯ ಸ್ವಾತಂತ್ರ್ಯವನ್ನೂ ಅವನ ಪಾಲುಗಾರಿಕೆಯನ್ನೂ ಆಧಾರವಾಗಿಟ್ಟುಕೊಂಡು ಅದನ್ನು ನಿರೂಪಿಸಿದ್ದರು. ನ್ಯೂ ಹ್ಯಾಂಪ್‌ಶೈರಿನ ಪ್ಲಿಮತ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುತ್ತಿದ್ದ ರಾಬಿನ್ ಡಿರೋಸಾ ಅವರು, ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ಅಮೆರಿಕನ್ ಗ್ರಂಥಗಳಿಗಾಗಿ ವಿದ್ಯಾರ್ಥಿಗಳು ಬೆಲೆಬಾಳುವ ಸಂಕಲನವನ್ನು ಕೊಳ್ಳಬೇಕಾಗಿ ಬಂದುದನ್ನು ಕಂಡು, ಆ ಮೂಲಪಾಠಗಳನ್ನು ವಿದ್ಯಾರ್ಥಿಗಳ ಕೈಯಿಂದಲೇ ಸಂಗ್ರಹಿಸಿ, ಅವರಿಂದಲೇ ಪೀಠಿಕೆಗಳನ್ನು ಬರೆಯಿಸಿ, ಎಲ್ಲರಿಗೂ ಉಚಿತವಾಗಿ ದೊರೆಯುವ ಸಂಕಲನವೊಂದನ್ನು ರೂಪಿಸಿದರು. ಪಠ್ಯಪುಸ್ತಕವನ್ನು ಓದಬೇಕಾದವರೇ ಅದರ ಸಂಪಾದಕರಾದರು.

ಈ ಕ್ರಮಕ್ಕೆ ದಫ್ತರಖಾನೆಯ ಮೂಲ ಆಕರಗಳನ್ನು ಜೋಡಿಸಿದಾಗ ಆಗುವ ಲಾಭವನ್ನು ಕುರಿತೇ ಇಲ್ಲಿ ಮುಖ್ಯವಾಗಿ ಹೇಳಬೇಕಾಗಿದೆ. ಪ್ರಕಟಣೆಯ ಅವಕಾಶವೊಂದನ್ನೇ ಕೊಟ್ಟು ಆಕರವನ್ನು ಕೊಡದಿದ್ದರೆ ವಿದ್ಯಾರ್ಥಿಯು ನಕಲನ್ನೇ ಲೋಕಕ್ಕೆ ಹಂಚುತ್ತಾನೆ. ಆಕರವೊಂದನ್ನೇ ಕೊಟ್ಟು ಓದುಗರನ್ನು ಕೊಡದಿದ್ದರೆ ಅವನ ಶ್ರಮವು ಮತ್ತೆ ಬೀರುವಿನ ಪಾಲಾಗುತ್ತದೆ. ತನ್ನ ಓದಿನ ಹಿಂದೆ ಮೂಲವೊಂದಿದೆ, ತನ್ನ ಬರಹದ ಮುಂದೆ ಓದುಗನೊಬ್ಬನಿದ್ದಾನೆ ಎಂಬ ಎರಡು ಅರಿವುಗಳೂ ಒಟ್ಟಿಗೆ ಉಂಟಾದಾಗಲೇ ತರುಣರ ಮನಸ್ಸು ತಾನಾಗಿ ಎಚ್ಚರಗೊಳ್ಳುತ್ತದೆಂಬುದು ನನ್ನ ದೃಢವಾದ ನಂಬಿಕೆ. ಕರ್ನಾಟಕದ ಅಧ್ಯಾಪಕರಿಗಂತೂ ಈ ಕಾರ್ಯಕ್ಕೆ ಬೇಕಾದ ಸಾಮಗ್ರಿ ಅಪಾರವಾಗಿ, ಬಹುಮಟ್ಟಿಗೆ ವೆಚ್ಚವಿಲ್ಲದೆ, ಅನೇಕ ವೇಳೆ ಕಾಲೇಜಿನಿಂದ ನಡೆದು ಹೋಗಬಹುದಾದ ದೂರದಲ್ಲಿಯೇ ಉಂಟು.

ಮೊದಲನೆಯ ವಿವೇಕವಿರುವುದು ಆಕರದ ಆಯ್ಕೆಯಲ್ಲಿ. ಹೊಸದಾಗಿ ಆರಂಭಿಸುವವರು ರಾಷ್ಟ್ರೀಯ ಮಹತ್ತ್ವದ ದಾಖಲೆಗಳನ್ನು ಹುಡುಕಿಕೊಂಡು ಹೋಗುವುದುಂಟು, ಅದು ಅನವಶ್ಯಕ. ಆಕರವು ಚಿಕ್ಕದಾಗಿರಬೇಕು, ಹತ್ತಿರದ್ದಾಗಿರಬೇಕು, ಮತ್ತು ಒಮ್ಮೆ ಕುಳಿತಲ್ಲಿಯೇ ಪೂರ್ತಿಯಾಗಿ ಓದಿ ಮುಗಿಸುವಂತಿರಬೇಕು. ಹಳೆಯ ಮೈಸೂರು ಸೀಮೆಯ ಕಾಲೇಜಿಗೆ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕಕ್ಕಿಂತ ಒಳ್ಳೆಯ ಬಾಗಿಲು ಬೇರೊಂದಿಲ್ಲ. 1886ರಲ್ಲಿ ಕೊಡಗಿನ ಶಾಸನಗಳಿಂದ ಮೊದಲ್ಗೊಂಡು ಹನ್ನೆರಡು ಸಂಪುಟಗಳಲ್ಲಿ ರೈಸ್ ಅವರು ಸಾವಿರಾರು ಶಾಸನಗಳನ್ನು ಜಿಲ್ಲೆ ಜಿಲ್ಲೆಯಾಗಿ, ತಾಲ್ಲೂಕು ತಾಲ್ಲೂಕಾಗಿ ವಿಂಗಡಿಸಿ, ಮೂಲಪಾಠವನ್ನೂ ರೋಮನ್ ಲಿಪ್ಯಂತರವನ್ನೂ ಇಂಗ್ಲಿಷ್ ಅನುವಾದವನ್ನೂ ಕೊಟ್ಟು ಪ್ರಕಟಿಸಿದರು. ಆ ಸಂಪುಟಗಳ ಬಿಂಬಗಳು ಇಂದು ಅಂತರ್ಜಾಲದಲ್ಲಿ ಸುಲಭವಾಗಿ ದೊರೆಯುತ್ತವೆ. 1972ರಿಂದ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕೃತ ಸಂಪುಟಗಳನ್ನೂ ಹೊರತಂದಿದೆ. ಉತ್ತರದವರಿಗೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಸಂಪುಟಗಳೂ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳೂ ಇವೆ. ಕರಾವಳಿಯವರಿಗೆ ಬೇರೊಂದು ನಿಧಿಯುಂಟು: ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿರುವ ಮಿಷನ್ ದಫ್ತರಖಾನೆಯು ತನ್ನ ಹಳೆಯ ಛಾಯಾಚಿತ್ರಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿದೆ. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮಿಷನ್ನಿನ ಚಿತ್ರಸಂಗ್ರಹವನ್ನು ಅದೇ ಮಂಗಳೂರಿನ ಹುಡುಗರು ನೋಡುವಾಗ, ತಮ್ಮ ಮನೆಯ ಮಾಡಿನ ಮೇಲಿರುವ ವಸ್ತುವಿಗೂ ಒಂದು ಚರಿತ್ರೆಯುಂಟೆಂಬುದು ಅವರಿಗೆ ಹೇಳದೆಯೇ ತಿಳಿಯುತ್ತದೆ.

ಒಂದು ವೀರಗಲ್ಲನ್ನು ಪಾಠವಾಗಿ ಮಾಡುವ ಬಗೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಏಕೆಂದರೆ ಈ ಬೋಧನಕ್ರಮದ ಸತ್ತ್ವವೆಲ್ಲ ವಿವರಗಳಲ್ಲಿದೆಯೇ ಹೊರತು ತತ್ತ್ವಗಳಲ್ಲಿಲ್ಲ. ತರಗತಿಯನ್ನು ಕಲ್ಲಿನ ಬಳಿಗೆ ಕರೆದೊಯ್ಯುವ ಮೊದಲು ಅದರ ವಿಚಾರವಾಗಿ ಏನನ್ನೂ ಹೇಳಕೂಡದು. ಮುಂಜಾನೆ ಬೇಗ, ಇಲ್ಲವೇ ಸಂಜೆ, ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಹೋಗಬೇಕು. ನಡುಹಗಲಿನ ಬೆಳಕಿನಲ್ಲಿ ಮಟ್ಟಸವಾಗಿ ಕಾಣುವ ಅಕ್ಷರಗಳು ಓರೆಬೆಳಕಿನಲ್ಲಿ ನೆರಳು ಹೊತ್ತು ಎದ್ದುಬರುತ್ತವೆ. ಬಿಸಿಲಿಲ್ಲದೆಡೆ, ಗುಡಿಯ ಒಳಾಂಗಣದಲ್ಲಿ, ಮೊಬೈಲಿನ ಟಾರ್ಚನ್ನು ಕಲ್ಲಿನ ಮೈಗೆ ಸಮಾನಾಂತರವಾಗಿ ಪಕ್ಕದಿಂದ ಹಿಡಿದರೆ ಅದೇ ಫಲ ದೊರೆಯುತ್ತದೆ. ಕಲ್ಲಿಗೆ ಸೀಮೆಸುಣ್ಣ ತೀಡುವುದು, ಎಣ್ಣೆ ಹಚ್ಚುವುದು, ತಂತಿಯ ಬ್ರಶ್ಶಿನಿಂದ ಉಜ್ಜುವುದು ಇವೆಲ್ಲ ಸರ್ವಥಾ ನಿಷಿದ್ಧವೆಂದು ಮೊದಲೇ ತಿಳಿಸಬೇಕು. ಮೆತ್ತನೆಯ ಬಟ್ಟೆಯಿಂದ ಧೂಳನ್ನು ಕೊಡಹಿದರೆ ಸಾಕು. ಅಚ್ಚು ತೆಗೆಯುವುದು ತರಬೇತಾದವರ ಕೆಲಸ. ರಕ್ಷಿತ ಸ್ಮಾರಕವಾದರೆ ಇಲಾಖೆಯ ಅಪ್ಪಣೆಯಿಲ್ಲದೆ ಅದಕ್ಕೆ ಕೈಹಾಕತಕ್ಕದ್ದಲ್ಲ.

ಅಲ್ಲಿ ನಿಂತ ವಿದ್ಯಾರ್ಥಿಗಳಿಗೆ ಕೊಡಬೇಕಾದ ಕೆಲಸ ಒಂದೇ: ನೋಟ್‌ಬುಕ್ಕಿನ ಹಾಳೆಯನ್ನು ಮೂರು ಅಂಕಣಗಳಾಗಿ ಗೀರಿ, ಮೊದಲನೆಯದರಲ್ಲಿ ಕಂಡದ್ದನ್ನು, ಎರಡನೆಯದರಲ್ಲಿ ಓದಲಾದದ್ದನ್ನು, ಮೂರನೆಯದರಲ್ಲಿ ಊಹಿಸಿದ್ದನ್ನು ಬರೆಯುವುದು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ಕೆಲವೆಡೆ ಅದರ ಬದಿಯಲ್ಲಿ ದನಗಳ ಸಾಲು. ನಡುವಿನದರಲ್ಲಿ ಸತ್ತವನನ್ನು ಮೇಲಕ್ಕೊಯ್ಯುವ ಸ್ತ್ರೀಯರು. ಮೇಲಿನದರಲ್ಲಿ ಲಿಂಗವೂ ಅರ್ಚಕನೂ, ಅದರ ಮೇಲೆ ಸೂರ್ಯಚಂದ್ರರು. ಇಷ್ಟನ್ನು ಯಾರು ಬೇಕಾದರೂ ಕಾಣಬಲ್ಲರು. ಆದರೆ 'ಊರಿನ ಗೋವುಗಳನ್ನು ಕಾಯುತ್ತ ಮಡಿದ ವೀರ' ಎಂದು ಯಾರಾದರೂ ಮೊದಲನೆಯ ಅಂಕಣದಲ್ಲಿ ಬರೆದರೆ, ಅಧ್ಯಾಪಕರು ಅಲ್ಲಿಯೇ ತಡೆದು, ಗೋವು ಕಂಡಿತೆ, ಕಾಯುತ್ತಿದ್ದುದು ಕಂಡಿತೆ, ಕದಿಯುತ್ತಿದ್ದವನೇ ಇವನಾಗಿರಬಾರದೇಕೆ ಎಂದು ಕೇಳಬೇಕು. ಈ ಒಂದು ಪ್ರಶ್ನೆಯಿಂದ ಹುಟ್ಟುವ ಚರ್ಚೆಯು ಇತಿಹಾಸದ ವಿಧಾನವನ್ನು ಕುರಿತ ಹಲವು ಉಪನ್ಯಾಸಗಳಿಗಿಂತ ಹೆಚ್ಚಿನದನ್ನು ಕಲಿಸುತ್ತದೆ. ಪಟ್ಟಿಕೆಗಳ ನಡುವಣ ಏಣಿನಲ್ಲಿ ಕೆತ್ತಿದ ಸಾಲುಗಳಿದ್ದರೆ, ಗುರುತು ಸಿಕ್ಕ ಅಕ್ಷರಗಳನ್ನು ಮಾತ್ರ ಬರೆದು, ಸಿಗದುದಕ್ಕೆ ಚುಕ್ಕೆಯಿಡಬೇಕು. ರೈಸ್ ಅವರ ಸಂಪುಟವನ್ನು ತೆರೆಯುವುದು ಇದಾದ ಮೇಲೆ, ತರಗತಿಗೆ ಹಿಂದಿರುಗಿದ ಬಳಿಕ. ತಮ್ಮ ಓದಿಗೂ ಅಚ್ಚಾದ ಪಾಠಕ್ಕೂ ಇರುವ ವ್ಯತ್ಯಾಸಗಳನ್ನು ಅವರೇ ಪಟ್ಟಿಮಾಡಲಿ. ಪರಿಷ್ಕೃತ ಸಂಪುಟವೂ ದೊರೆತರೆ, ಅಚ್ಚಾದ ಎರಡು ಪಾಠಗಳೇ ಒಂದನ್ನೊಂದು ಒಪ್ಪದಿರುವುದೂ ಅವರ ಕಣ್ಣಿಗೆ ಬಿದ್ದೀತು. ವಿದ್ವಾಂಸರು ಸಹ ಒಂದು ಅಕ್ಷರದ ಮುಂದೆ ಹಿಂದುಮುಂದು ನೋಡುತ್ತಾರೆಂಬುದನ್ನು ಕಂಡ ವಿದ್ಯಾರ್ಥಿಗೆ ತಾನೂ ನೋಡಬಹುದೆಂಬ ಧೈರ್ಯ ಬರುತ್ತದೆ.

ಎಲ್ಲ ಶಾಸನಗಳೂ ಓದಿ ಮುಗಿದಿವೆಯಲ್ಲ, ನಮ್ಮ ಹುಡುಗರಿಗೆ ಉಳಿದಿರುವುದೇನೆಂದು ಕೇಳುವವರಿದ್ದಾರೆ. ಬೆಂಗಳೂರಿನ ನಿದರ್ಶನವನ್ನು ನೋಡಬಹುದು. ಬೇಗೂರಿನ ದೇವಾಲಯದಲ್ಲಿರುವ ಸುಮಾರು ಕ್ರಿ. ಶ. 890ರ ಶಾಸನವು ಬೆಂಗಳೂರೆಂಬ ಊರಿನಲ್ಲಿ ನಡೆದ ಕಾಳಗವನ್ನು ಹೇಳುವುದರಿಂದ ಅದು ಬಹುಕಾಲದಿಂದ ಪ್ರಸಿದ್ಧವಾಗಿದೆ. ಆದರೆ ಅದಕ್ಕಿಂತಲೂ ಹಳೆಯದಾದ, ಗಂಗರ ಶ್ರೀಪುರುಷನ ಕಾಲಕ್ಕೆ ಸೇರಿದ, ಸುಮಾರು 750ರ ಕಿತ್ತಯ್ಯನ ಕಲ್ಲು ಹೆಬ್ಬಾಳದಲ್ಲಿ ಗುರುತಿಗೆ ಬಂದುದು 2018ರಲ್ಲಿ; ಅದನ್ನು ಉಳಿಸಿಕೊಂಡವರು ಆಸಕ್ತ ನಾಗರಿಕರೂ ಸ್ಥಳದ ನಿವಾಸಿಗಳೂ. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ಈಗ ಬೆಂಗಳೂರು ಪ್ರಾಂತದ ಶಾಸನಗಳನ್ನು ಮೂರು ಆಯಾಮಗಳ ಸ್ಕ್ಯಾನಿಂಗಿನಿಂದ ದಾಖಲಿಸಿ ಸಾರ್ವಜನಿಕರಿಗೆ ಒದಗಿಸುತ್ತಿದೆ. ರೈಸ್ ಅವರ ಕಾಲದಲ್ಲಿ ಹೊಲದ ಬದುವಿನಲ್ಲಿ ನಿಂತಿದ್ದ ಕಲ್ಲು ಇಂದು ಇದೆಯೆ, ಇದ್ದರೆ ಯಾವ ಸ್ಥಿತಿಯಲ್ಲಿದೆ, ರಸ್ತೆ ಅಗಲ ಮಾಡುವಾಗ ಎಲ್ಲಿಗೆ ಹೋಯಿತು ಎಂಬ ವಿಚಾರಣೆಯೊಂದೇ ಪ್ರತಿ ತಾಲ್ಲೂಕಿನ ಕಾಲೇಜಿಗೂ ಹಲವು ವರ್ಷಗಳ ಕೆಲಸವನ್ನು ಕೊಡಬಲ್ಲುದು; ಅದರ ಫಲವು ವಿದ್ವಾಂಸರಿಗೂ ಬೇಕಾದುದು.

ಕಲ್ಲಿನಿಂದ ಕಾಗದಕ್ಕೆ ಬಂದರೆ, ಮೈಸೂರು ಪ್ರಜಾಪ್ರತಿನಿಧಿ ಸಭೆಯ ಮುದ್ರಿತ ನಡಾವಳಿಗಳನ್ನು ನಾನು ಎಲ್ಲಕ್ಕಿಂತ ಮೊದಲು ಸೂಚಿಸುತ್ತೇನೆ. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಏರ್ಪಡಿಸಿದ ಈ ಸಭೆಯು ದಸರಾ ಸಮಯದಲ್ಲಿ ಮೈಸೂರಿನಲ್ಲಿ ಸೇರುತ್ತಿತ್ತು. ದಿವಾನರು ವರ್ಷದ ಆಡಳಿತವನ್ನು ನಿವೇದಿಸಿದ ಮೇಲೆ ತಾಲ್ಲೂಕುಗಳಿಂದ ಬಂದವರು ತಮ್ಮ ತಮ್ಮ ಸೀಮೆಯ ಅಹವಾಲುಗಳನ್ನು ಹೇಳಿಕೊಳ್ಳುತ್ತಿದ್ದರು. ಕೆರೆಯ ಏರಿ, ಕಂದಾಯ, ಕಾಡಿನ ಸೌದೆ, ರಸ್ತೆ ಇಂತಹ ವಿಷಯಗಳೇ ಅಲ್ಲಿ ತುಂಬಿರುವುದರಿಂದ, ರೈತರ ಮನೆಯಿಂದ ಬಂದ ವಿದ್ಯಾರ್ಥಿಗೆ ಅದು ಪರಕೀಯವೆನಿಸುವುದಿಲ್ಲ. ತನ್ನ ತಾಲ್ಲೂಕಿನ ಪ್ರತಿನಿಧಿಯು ಮಂಡಿಸಿದ ಒಂದು ಅಹವಾಲನ್ನೂ ಸರ್ಕಾರದ ಉತ್ತರವನ್ನೂ ಎದುರಿಗಿಟ್ಟು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು: ಇದನ್ನು ಹೇಳಿದವನು ಯಾರು? ಯಾರಿಗೆ ಹೇಳಿದನು? ಏನಾಗಬೇಕೆಂದು ಅವನ ಇಚ್ಛೆ? ಈ ಪುಟದಲ್ಲಿ ಬಾಯಿಲ್ಲದವರು ಯಾರು? ನಾಲ್ಕನೆಯದೇ ಮುಖ್ಯವಾದುದು. ಆರಂಭದ ಸಭೆಗಳಲ್ಲಿ ಕುಳಿತಿದ್ದವರು ಜಮೀನುಳ್ಳವರೂ ವರ್ತಕರೂ. ಕೆರೆ ಒಡೆದರೆ ಕೂಲಿ ಕಳೆದುಕೊಳ್ಳುವ ಆಳಾಗಲಿ, ನೀರಿಗಾಗಿ ದೂರ ನಡೆಯುವ ಹೆಂಗಸಾಗಲಿ ಅಲ್ಲಿರಲಿಲ್ಲ. ಇಲ್ಲದವರನ್ನು ಗುರುತಿಸಲು ಕಲಿತವನೇ ದಾಖಲೆಯನ್ನು ಓದಲು ಕಲಿತವನು.

ಇದರ ಜೊತೆಗೆ ಜನಗಣತಿಯ ವರದಿಯನ್ನಿಟ್ಟರೆ ಪಾಠವು ಇನ್ನೂ ಗಾಢವಾಗುತ್ತದೆ. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ತುಸು ಕಡಮೆಯಾಗಿತ್ತು. ನಡುವೆ ಬಂದುಹೋದುದು 1876-78ರ ಮಹಾಕ್ಷಾಮ. ಆ ಎರಡು ಅಂಕೆಗಳನ್ನು ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ವ್ಯವಕಲನವನ್ನು ವಿದ್ಯಾರ್ಥಿಗಳಿಗೇ ಬಿಟ್ಟು, ಅಧ್ಯಾಪಕರು ಸ್ವಲ್ಪ ಹೊತ್ತು ಸುಮ್ಮನಿರುವುದು ಒಳ್ಳೆಯದು. ಬಳಿಕ ಅವರವರ ಜಿಲ್ಲೆಯ ಕೋಷ್ಟಕಕ್ಕೆ ಹೋಗಿ, ಎಲ್ಲಿ ಎಷ್ಟು ಇಳಿಯಿತು, ಎಲ್ಲಿ ಇಳಿಯಲಿಲ್ಲ, ಮಲೆನಾಡಿಗೂ ಬಯಲುಸೀಮೆಗೂ ವ್ಯತ್ಯಾಸವೇನು ಎಂದು ಹುಡುಕಲಿ. ಅರ್ಥಶಾಸ್ತ್ರ, ಭೂಗೋಳ, ಸಂಖ್ಯಾಶಾಸ್ತ್ರದವರಿಗೂ ಮೂಲ ಆಕರಗಳಲ್ಲಿ ಪಾಲುಂಟೆಂಬುದು ಇದರಿಂದ ವಿದಿತವಾಗುತ್ತದೆ.

ದಫ್ತರಖಾನೆಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವವರು ಕೆಲವು ಶಿಷ್ಟಾಚಾರಗಳನ್ನು ಅರಿತಿರಬೇಕು. ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಗೆ ಬೆಂಗಳೂರಿನಲ್ಲಿ ಕೇಂದ್ರ ಕಛೇರಿಯೂ ಮೈಸೂರು ಮೊದಲಾದೆಡೆ ವಿಭಾಗೀಯ ಕಛೇರಿಗಳೂ ಇವೆ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಕಡತಗಳಲ್ಲಿ ಅನೇಕವನ್ನು 'ಅಭಿಲೇಖ್ ಪಟಲ್' ಎಂಬ ಜಾಲತಾಣದಲ್ಲಿಯೇ ಹುಡುಕಬಹುದು. ಹೋಗುವುದಕ್ಕೆ ಮುಂಚೆ ಪ್ರಾಂಶುಪಾಲರ ಪತ್ರದೊಡನೆ, ಬೇಕಾದ ವಿಷಯವನ್ನೂ ಕಾಲಾವಧಿಯನ್ನೂ ತಿಳಿಸಿ ಬರೆಯಬೇಕು. ಬರಿಗೈಯಲ್ಲಿ ಅರುವತ್ತು ಮಂದಿಯನ್ನು ನುಗ್ಗಿಸುವುದಕ್ಕಿಂತ, ಅಧ್ಯಾಪಕರೊಬ್ಬರೇ ಮೊದಲು ಹೋಗಿ ಆರೇಳು ದಾಖಲೆಗಳನ್ನು ಆರಿಸಿಟ್ಟು, ಅನಂತರ ಹತ್ತು ಹನ್ನೆರಡು ಮಂದಿಯ ತಂಡಗಳನ್ನು ಕರೆದೊಯ್ಯುವುದು ಲೇಸು. ಅಲ್ಲಿ ಪೆನ್ಸಿಲನ್ನು ಮಾತ್ರ ಉಪಯೋಗಿಸಬೇಕು. ಬೆರಳನ್ನು ಎಂಜಲು ಮಾಡಿಕೊಂಡು ಹಾಳೆ ತಿರುವಕೂಡದು. ಕಟ್ಟಿನೊಳಗಿನ ಕಾಗದಗಳ ಅನುಕ್ರಮವನ್ನು ಕದಲಿಸಕೂಡದು. ಛಾಯಾಚಿತ್ರ ತೆಗೆಯುವುದಕ್ಕೆ ಅನುಮತಿ ಕೇಳಬೇಕು. ಮಠಗಳಲ್ಲಿಯೂ ಶಾನುಭೋಗರ ಮನೆತನಗಳಲ್ಲಿಯೂ ಉಳಿದಿರುವ ಕಡತಗಳ ವಿಷಯದಲ್ಲಂತೂ ಇನ್ನೂ ಹೆಚ್ಚಿನ ಜೋಪಾನ ಬೇಕು. ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದ ಕಡ್ಡಿಯಿಂದ ಬರೆಯುತ್ತಿದ್ದ ಈ ಪುಸ್ತಕಗಳಲ್ಲಿ ಬೇಡವಾದ ಲೆಕ್ಕವನ್ನು ಅಳಿಸಿ ಹೊಸತನ್ನು ಬರೆಯುವ ಅನುಕೂಲವಿತ್ತು. ಅದರ ಅರ್ಥವೇನೆಂದರೆ, ಬೆವರಿದ ಒಂದು ಅಂಗೈಯ ಉಜ್ಜುವಿಕೆಗೆ ಇಂದಿಗೂ ಅವುಗಳ ಬರಹ ಅಳಿದುಹೋಗಬಲ್ಲದು. ಮುಟ್ಟದೆ, ಮಡಿಕೆಗಳನ್ನು ಒಡೆಯರ ಕೈಯಿಂದಲೇ ಬಿಡಿಸಿ, ಚಿತ್ರ ತೆಗೆದುಕೊಂಡು ಬರುವುದೇ ಸರಿಯಾದ ದಾರಿ.

ಇನ್ನು ಪ್ರಕಟಣೆ. ಕನ್ನಡದ ಮಟ್ಟಿಗೆ ಅತ್ಯಂತ ಸುಲಭವೂ ಸ್ಥಿರವೂ ಆದ ತಾಣವೆಂದರೆ ಕನ್ನಡ ವಿಕಿಸೋರ್ಸ್. ಹಕ್ಕುಮುಕ್ತವಾದ ಹಳೆಯ ಪುಸ್ತಕದ ಪುಟಬಿಂಬವನ್ನು ಒಂದು ಕಡೆಯೂ ಅದರ ಅಕ್ಷರರೂಪವನ್ನು ಮತ್ತೊಂದು ಕಡೆಯೂ ಇಟ್ಟು ತಿದ್ದುವ ವ್ಯವಸ್ಥೆ ಅಲ್ಲಿದೆ. ತಿದ್ದದ ಪುಟ ಕೆಂಪು. ಒಬ್ಬರು ತಿದ್ದಿದ್ದು ಹಳದಿ. ಎರಡನೆಯವರೊಬ್ಬರು ಒಪ್ಪಿದ ಮೇಲೆ ಹಸಿರು. ತಾನು ತಿದ್ದಿದ ಪುಟವನ್ನು ತಾನೇ ಹಸಿರು ಮಾಡಿಕೊಳ್ಳಲಾಗದೆಂಬ ನಿಯಮದಿಂದ, ಸಹಪಾಠಿಯ ಕೆಲಸವನ್ನು ಗಂಭೀರವಾಗಿ ಓದುವ ಅಭ್ಯಾಸ ತಾನಾಗಿಯೇ ಬರುತ್ತದೆ. ಯಂತ್ರವು ಅಕ್ಷರಗಳನ್ನು ಗುರುತಿಸಿ ಕೊಡುವುದಾದರೂ ಅದನ್ನು ನಂಬಿ ಕೂರುವಂತಿಲ್ಲ. ಅನುಸ್ವಾರದ ಸ್ಥಾನದಲ್ಲಿ ಸೊನ್ನೆಯ ಅಂಕೆಯನ್ನು ಇಡುವುದು, ಒಂದೆಂಬ ಕನ್ನಡ ಅಂಕೆಯನ್ನು ಗಕಾರವೆಂದು ತಿಳಿಯುವುದು, ಪಕಾರ ಷಕಾರಗಳನ್ನು ಕಲಸುವುದು, ಅರ್ಕಾವೊತ್ತನ್ನು ನುಂಗಿಬಿಡುವುದು, ಹಳಗನ್ನಡದ ಱ ೞ ಅಕ್ಷರಗಳಿಗೆ ಬದಲಾಗಿ ಬಾಯಿಗೆ ಬಂದುದನ್ನು ಬರೆಯುವುದು ಅದಕ್ಕೆ ಸಹಜ. ಸೊನ್ನೆಗೂ ಅನುಸ್ವಾರಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣದಿದ್ದರೂ, ಅಂತಹ ಪಾಠದಲ್ಲಿ ಒಂದು ಪದವನ್ನು ಹುಡುಕಿದರೆ ಸಿಕ್ಕುವುದಿಲ್ಲ. ಇಂತಹ ಪುಟವನ್ನು ಅಕ್ಷರ ಅಕ್ಷರವಾಗಿ ತಿದ್ದಿದ ವಿದ್ಯಾರ್ಥಿಗೆ, ತಾನು ಹಿಂದೆಂದೂ ಯಾವ ಪುಟವನ್ನೂ ಇಷ್ಟು ನಿಧಾನವಾಗಿ ಓದಿರಲಿಲ್ಲವೆಂಬುದು ಗೊತ್ತಾಗುತ್ತದೆ. ಭಾಷಾಪಾಠಕ್ಕೆ ಇದಕ್ಕಿಂತ ಹಿರಿದಾದ ಪ್ರಯೋಜನವನ್ನು ನಾನು ಊಹಿಸಲಾರೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಭಾಷಾತರಗತಿಯ ವಿದ್ಯಾರ್ಥಿಗಳು ತಮ್ಮ ಪಠ್ಯದ ಅಂಗವಾಗಿಯೇ ವಿಕಿಪೀಡಿಯ ಮತ್ತು ವಿಕಿಸೋರ್ಸಿಗೆ ಬರೆಯುವ ಕ್ರಮವು ದಶಕಕ್ಕೆ ಹಿಂದೆಯೇ ಆರಂಭವಾಯಿತು. ಆದುದರಿಂದ ಇದು ನಮ್ಮ ನೆಲದಲ್ಲಿ ಆಗದ ಮಾತೆಂದು ಹೇಳುವಂತಿಲ್ಲ.

ಪಾಠವನ್ನು ಏರಿಸಿದರೆ ಕೆಲಸ ಮುಗಿಯಿತೆಂದಲ್ಲ. ಅದಕ್ಕೆ ಸಂಬಂಧಪಟ್ಟ ಪೀಠಿಕೆ, ಕಠಿನಪದಗಳ ಅರ್ಥ, ಸ್ಥಳನಾಮಗಳ ವಿವರಣೆ, ಒಂದು ನಕ್ಷೆ, ಮುಂದಿನವರಿಗೆ ಪ್ರಶ್ನೆಗಳು ಇವನ್ನೆಲ್ಲ ವಿದ್ಯಾರ್ಥಿಗಳು ಪಾಲುಮಾಡಿಕೊಂಡು ಸಿದ್ಧಪಡಿಸಿ, ಹತ್ತಿಪ್ಪತ್ತು ಪುಟಗಳ ಪುಸ್ತಿಕೆಯನ್ನಾಗಿ ಕಾಲೇಜಿನ ಹೆಸರಿನಲ್ಲಿ ಹೊರತರಬಹುದು. ಯಾರು ಬೇಕಾದರೂ, ಕರ್ತೃಗಳ ಹೆಸರನ್ನು ಹೇಳಿ, ಬಳಸಿ ತಿದ್ದಿ ಮರುಪ್ರಕಟಿಸಬಹುದೆಂಬ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಸಾಲನ್ನು ಅದರ ಎರಡನೆಯ ಪುಟದಲ್ಲಿ ನಮೂದಿಸಬೇಕು. ಮೈಸೂರು ವಿಶ್ವವಿದ್ಯಾಲಯವು ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಇಂತಹ ಪರವಾನಗಿಯಲ್ಲಿಯೇ ಲೋಕಾರ್ಪಣ ಮಾಡಿತು. ನಿರಂಜನರ ಕೃತಿಗಳೂ ಅವರ ಕುಟುಂಬದವರ ಔದಾರ್ಯದಿಂದ ಅದೇ ವರ್ಷ ಮುಕ್ತವಾದವು.

ಹಕ್ಕುಸ್ವಾಮ್ಯದ ವಿಚಾರವನ್ನು ತಿಳಿಯದೆ ಈ ದಾರಿಯಲ್ಲಿ ಹೆಜ್ಜೆಯಿಡಬಾರದು. 1957ರ ಕಾಯಿದೆಯಂತೆ ಲೇಖಕನ ಹಕ್ಕು ಅವನು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಉಳಿಯುತ್ತದೆ. 1963ರಲ್ಲಿ ದಿವಂಗತರಾದ ಮಂಜೇಶ್ವರದ ಗೋವಿಂದ ಪೈಯವರ ಬರಹಗಳು 2024ರ ಜನವರಿಯಿಂದ ಮುಕ್ತವಾಗಿವೆ. 1975ರಲ್ಲಿ ತೀರಿಕೊಂಡ ಡಿ. ವಿ. ಗುಂಡಪ್ಪನವರ ಬರಹಗಳಿಗೆ 2035ರ ಕೊನೆಯವರೆಗೂ ಹಕ್ಕಿದೆ. ಸರ್ಕಾರದ ಪ್ರಕಟಣೆಗಳಿಗೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಇಲ್ಲಿ ಬಹು ಜನ ಎಡವುವ ಒಂದು ಸ್ಥಳವುಂಟು: ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ ಪತ್ರದ ಕಾಗದಕ್ಕೆ ಮೊಮ್ಮಗನು ಒಡೆಯನಾದರೂ ಅದರಲ್ಲಿರುವ ಬರಹದ ಹಕ್ಕು ಬರೆದವರ ವಾರಸುದಾರರದು, ಅಪ್ರಕಟಿತ ಪತ್ರಗಳ ವಿಷಯದಲ್ಲಿ ಹಳತೆಂಬ ಕಾರಣದಿಂದ ನಿಶ್ಚಿಂತರಾಗಿರಲು ಬಾರದು. ಅಂತರ್ಜಾಲದಲ್ಲಿ ಕಾಣಸಿಗುವ ಚಿತ್ರಗಳೆಲ್ಲವೂ ಮರುಪ್ರಕಟಣೆಗೆ ದೊರೆತವೆಂದೂ ತಿಳಿಯಬಾರದು. ಆಯಾ ದಫ್ತರಖಾನೆಯ ಷರತ್ತನ್ನು ಓದಿ, ಸಂದೇಹವಿದ್ದರೆ ಬರೆದು ಕೇಳಬೇಕು.

ಕಾನೂನು ಅನುಮತಿಸುವುದೆಲ್ಲವೂ ಪ್ರಕಟಣೆಗೆ ಯೋಗ್ಯವಲ್ಲ. ಹಳೆಯ ಪ್ರಾಥಮಿಕ ಶಾಲೆಯ ದಾಖಲಾತಿ ರಿಜಿಸ್ಟರು ಎಷ್ಟು ಸೊಗಸಾದ ಆಕರವೋ ಅಷ್ಟೇ ಸೂಕ್ಷ್ಮವಾದುದು: ಮಕ್ಕಳ ಹೆಸರು, ತಂದೆಯ ಕಸುಬು, ಜಾತಿ, ಶಾಲೆ ಬಿಟ್ಟ ಕಾರಣ ಇವೆಲ್ಲ ಅದರಲ್ಲಿರುತ್ತವೆ, ಆ ಮನೆತನಗಳು ಅದೇ ಊರಿನಲ್ಲಿ ಬದುಕಿರುತ್ತವೆ. ಯಾವ ದಶಕದಲ್ಲಿ ಎಷ್ಟು ಹೆಣ್ಣುಮಕ್ಕಳು ಸೇರಿದರು, ಎಷ್ಟನೆಯ ತರಗತಿಗೆ ಬಿಟ್ಟರು ಎಂಬ ಮೊತ್ತಗಳನ್ನಷ್ಟೇ ಹೊರಗಿಟ್ಟು, ಹೆಸರುಗಳನ್ನು ಶಾಲೆಯಲ್ಲಿಯೇ ಬಿಟ್ಟುಬರಬೇಕು. ವಸಾಹತು ಸರ್ಕಾರವು 1871ರ ಕಾಯಿದೆಯಿಂದ ಇಡೀ ಸಮುದಾಯಗಳಿಗೆ ಅಪರಾಧಿಗಳೆಂಬ ಹಣೆಪಟ್ಟಿ ಕಟ್ಟಿತಷ್ಟೆ. ಅದಕ್ಕೆ ಸಂಬಂಧಿಸಿದ ಕಾಗದಗಳನ್ನು ಓದುವಾಗ, ಅದೇ ಸಮುದಾಯದ ವಿದ್ಯಾರ್ಥಿಯು ತರಗತಿಯಲ್ಲಿ ಕುಳಿತಿರಬಹುದೆಂಬ ಎಚ್ಚರವು ಅಧ್ಯಾಪಕರಿಗೆ ಸದಾ ಇರಬೇಕು. ಊರೊಳಗಿನ ಕಲ್ಲುಗಳ ಸ್ಥಾನವನ್ನು ನಕ್ಷೆಯಲ್ಲಿ ತೋರಿಸುವುದರಿಂದ ಅವುಗಳಿಗೆ ರಕ್ಷಣೆಯೇ ದೊರೆಯುತ್ತದೆ; ಆದರೆ ಕಾಡಂಚಿನಲ್ಲಿ ಒಂಟಿಯಾಗಿ ನಿಂತ ಕಲ್ಲಿನ ನಿಖರವಾದ ಜಾಗವನ್ನು ಬಯಲುಮಾಡಿದರೆ ಅದು ನಿಧಿಗಳ್ಳರ ಗುದ್ದಲಿಗೆ ದಾರಿ ತೋರಿಸಿದಂತಾಗುತ್ತದೆ. ಅಂತಹವುಗಳ ವಿವರವನ್ನು ಪುರಾತತ್ತ್ವ ಇಲಾಖೆಗೆ ತಿಳಿಸಿ, ಪುಸ್ತಿಕೆಯಲ್ಲಿ ಗ್ರಾಮದ ಹೆಸರನ್ನಷ್ಟೇ ಕೊಡುವುದು ಕ್ಷೇಮ.

ವಿದ್ಯಾರ್ಥಿಗಳ ವಿಷಯದಲ್ಲಿಯೂ ಅದೇ ಗೌರವ ಸಲ್ಲಬೇಕು. ತನ್ನ ಹೆಸರಿನಲ್ಲಿ ಪ್ರಕಟಿಸುವುದು, ಗುಪ್ತನಾಮದಲ್ಲಿ ಪ್ರಕಟಿಸುವುದು, ಪ್ರಕಟಿಸದೆ ಅಧ್ಯಾಪಕರಿಗೆ ಮಾತ್ರ ಒಪ್ಪಿಸುವುದು ಈ ಮೂರರಲ್ಲಿ ಯಾವುದನ್ನು ಆರಿಸಿಕೊಂಡರೂ ಅಂಕದಲ್ಲಿ ಭೇದವಾಗಕೂಡದೆಂದು ಮೊದಲ ದಿನವೇ ಲಿಖಿತವಾಗಿ ಹೇಳಬೇಕು. ಬಲವಂತದಿಂದ ತೆರೆಯಿಸಿದುದನ್ನು ಮುಕ್ತವೆಂದು ಕರೆಯಲಾಗದು. ಮನೆಯಲ್ಲಿ ಕಂಪ್ಯೂಟರಿಲ್ಲದವರಿಗೆ ಕಾಲೇಜಿನ ಗಣಕಕೊಠಡಿಯ ವೇಳೆಯನ್ನು ಕಾದಿರಿಸಬೇಕು. ಹೊಲದ ಕೆಲಸಕ್ಕೋ ಅಂಗಡಿಗೋ ಹೋಗಿ ಬರುವವರಿಗೆ ಸ್ಥಳಭೇಟಿಯ ಬದಲು ಪಾಠ ತಿದ್ದುವ ಪಾಲನ್ನು ಕೊಡಬಹುದು. ಅಂಕಗಳನ್ನು ಕೊನೆಯ ಪುಸ್ತಿಕೆಗೆ ಮಾತ್ರ ಕೊಡದೆ, ಮೂರು ಅಂಕಣಗಳ ಟಿಪ್ಪಣಿಗೆ, ಸಹಪಾಠಿಯ ಪುಟವನ್ನು ತಿದ್ದಿದ ರೀತಿಗೆ, ಒಂದು ಸಂದೇಹವನ್ನು ಬಗೆಹರಿಸಲು ಪಟ್ಟ ಪ್ರಯತ್ನಕ್ಕೆ ಹಂಚಬೇಕು. 'ಈ ಅಕ್ಷರ ನನಗೆ ತಿಳಿಯಲಿಲ್ಲ' ಎಂದು ಕಾರಣಸಹಿತವಾಗಿ ಬರೆದವನಿಗೆ, ತಿಳಿಯದೆಯೂ ತಿಳಿದಂತೆ ಬರೆದವನಿಗಿಂತ ಹೆಚ್ಚು ಅಂಕ ಸಲ್ಲುತ್ತದೆಂಬುದು ತರಗತಿಗೆ ಒಮ್ಮೆ ಮನದಟ್ಟಾದರೆ, ನಕಲಿನ ಪಿಡುಗು ಬಹುಮಟ್ಟಿಗೆ ತಾನಾಗಿ ತಗ್ಗುತ್ತದೆ. ಯಂತ್ರದಿಂದ ಬರೆಯಿಸಿದ ಪ್ರಬಂಧಕ್ಕೆ ಊರ ಬಾಗಿಲಲ್ಲಿರುವ ಕಲ್ಲಿನ ಬಲಮೂಲೆ ಒಡೆದಿರುವುದು ಹೇಗೂ ತಿಳಿದಿರುವುದಿಲ್ಲ.

ಮೊದಲ ವರ್ಷವೇ ಇಷ್ಟನ್ನೆಲ್ಲ ಕೈಗೆತ್ತಿಕೊಳ್ಳಬೇಕಾಗಿಲ್ಲ. ಒಂದು ಸೆಮಿಸ್ಟರಿಗೆ ಒಂದೇ ಶಾಸನ, ಅಥವಾ ನಡಾವಳಿಯ ನಾಲ್ಕೇ ಪುಟಗಳು ಸಾಕು. ಪುಸ್ತಿಕೆ ಸಿದ್ಧವಾದ ಮೇಲೆ ಅದರ ಅಚ್ಚಾದ ಪ್ರತಿಗಳನ್ನು ಆ ಊರಿನ ಗ್ರಾಮ ಪಂಚಾಯಿತಿಗೂ ಸಾರ್ವಜನಿಕ ಗ್ರಂಥಾಲಯಕ್ಕೂ ಶಾಲೆಗೂ ವಿದ್ಯಾರ್ಥಿಗಳೇ ಒಯ್ದು ಕೊಟ್ಟು, ಅಲ್ಲಿಯ ಹಿರಿಯರು ಹೇಳುವ ತಿದ್ದುಪಡಿಗಳನ್ನು ಬರೆದುಕೊಂಡು ಬರಲಿ. ಸ್ಥಳನಾಮಗಳ ವಿಷಯದಲ್ಲಿಯೂ ಒಕ್ಕಲುಗಳ ವಿಷಯದಲ್ಲಿಯೂ ಅವರ ಮಾತು ಎಷ್ಟೋ ಬಾರಿ ಗ್ರಂಥಗಳಲ್ಲಿ ಸಿಗದುದಾಗಿರುತ್ತದೆ. ಓದಲಾಗದೆ ಚುಕ್ಕೆಯಿಟ್ಟ ಸಾಲುಗಳ, ಬಗೆಹರಿಯದ ಹೆಸರುಗಳ, ಹುಡುಕಿಯೂ ಸಿಗದ ಕಲ್ಲುಗಳ ಪಟ್ಟಿಯೊಂದನ್ನು ಪುಸ್ತಿಕೆಯ ಕೊನೆಯಲ್ಲಿ ಸೇರಿಸಿ, ಜೂನ್ ತಿಂಗಳಲ್ಲಿ ಹೊಸ ತರಗತಿ ಕೂಡಿದಾಗ ಅದನ್ನೇ ಅವರ ಮೊದಲ ಪಾಠವಾಗಿ ಹಂಚಬೇಕು. ಬರೆದವರಲ್ಲಿ ಇಬ್ಬರು ಮೂವರನ್ನು ಆ ದಿನ ಕರೆಸಿ, ಎಲ್ಲಿಯವರೆಗೆ ಬಂದು ನಿಂತೆವೆಂಬುದನ್ನು ಅವರ ಬಾಯಿಂದಲೇ ಹೇಳಿಸಬೇಕು.